ನನ್ನ ಪಾಲಿನ ಅರ್ಧ ಪಾಸ್‌ವರ್ಡ್

ಟೈಪಿಂಗ್ ಕಲಿಸಿದವರ ಕಿವಿಯೇ ಬೇರೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಹೋಟೆಲಿನ ಮೇಲಿದ್ದ ಎರಡು ಕೋಣೆಗಳಲ್ಲಿ ನಾನು ಹತ್ತು ಹನ್ನೊಂದು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ಹದಿನಾಲ್ಕು ಮೆಷಿನ್ನುಗಳು ಒಟ್ಟಿಗೆ ಬಡಿಯುತ್ತಿದ್ದರೂ ಕಿಟಕಿ ಪಕ್ಕದ ಹುಡುಗಿ ಒಂದಕ್ಷರ ನುಂಗಿದ್ದನ್ನು ಬೆನ್ನು ಹಾಕಿ ಕೂತೇ ಹೇಳುತ್ತಿದ್ದೆ. ಆ ಮೆಷಿನ್ನುಗಳಿಗೆ ಸಾಲ ಕೊಟ್ಟವರು ಒಬ್ಬ ಬ್ಯಾಂಕ್ ಮ್ಯಾನೇಜರ್. ನನ್ನ ಹತ್ತಿರ ಜಾಮೀನಿಗೆ ಮನೆಯಿರಲಿಲ್ಲ, ಒಡವೆಯಿರಲಿಲ್ಲ, ಸಹಿ ಹಾಕುವ ಗಂಡಸೂ ಇರಲಿಲ್ಲ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ನೀನು ಕಟ್ತೀನಿ ಅಂದ್ಯಲ್ಲ, ಅಷ್ಟು ಸಾಕಮ್ಮ" ಎಂದಿದ್ದರು. ಆ ಮಾತಿನ ಮೇಲೆ ನಾನು ಬದುಕು ಕಟ್ಟಿಕೊಂಡೆ.

ಕಂಪ್ಯೂಟರ್ ಬಂದು ಟೈಪಿಂಗಿಗೆ ಬರುವವರು ಕಡಿಮೆಯಾದಾಗ ಎಲ್ಲರೂ ಮೆಷಿನ್ನುಗಳನ್ನು ಗುಜರಿಗೆ ಹಾಕಿದರು. ನಾನು ಕೋರ್ಟಿನ ಮುಂದೆ ಕೂರುವ ಟೈಪಿಸ್ಟರನ್ನು ಹುಡುಕಿಕೊಂಡು ಹೋಗಿ ಒಂದೊಂದನ್ನೇ ಮಾರಿದೆ. ನೀವೂ ನೆನಪಿಡಿ, ಹಳೆಯ ಸಾಮಾನನ್ನು ಒಟ್ಟಿಗೆ ಮಾರಬಾರದು. ಬಂದ ದುಡ್ಡಿನಲ್ಲಿ ಎಸ್.ಪಿ. ರೋಡಿನಲ್ಲಿ ಮೂರು ದಿನ ಚೌಕಾಸಿ ಮಾಡಿ ನಾಲ್ಕು ಕಂಪ್ಯೂಟರ್ ತಂದೆ. ಡಿಟಿಪಿ ಮಾಡಿದೆ, ಬಿಲ್ಲಿಂಗ್ ಪ್ರೋಗ್ರಾಂ ಮಾರಿದೆ, ಸಂಜೆ ಕ್ಲಾಸಿಗೆ ಸೇರಿ ಪ್ರೋಗ್ರಾಮಿಂಗನ್ನೂ ಕಲಿತೆ. ಬರೆಯುವುದಕ್ಕಿಂತ, ಬೇರೆಯವರು ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಕಲಿತೆ ಅನ್ನಿ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಜೆ.ಪಿ. ನಗರ ಎರಡನೇ ಫೇಸಿನಲ್ಲಿ ಒಂದು ನೆಲಮಹಡಿ ಬಾಡಿಗೆಗೆ ಹಿಡಿದು ಹೊಸದೊಂದನ್ನು ಶುರು ಮಾಡಿದೆ. ನಮ್ಮ ಕಡೆಯ ನರ್ಸಿಂಗ್ ಹೋಂಗಳಿಗೆ ಹತ್ತಿ, ಗ್ಲೌಸ್, ಸಿರಿಂಜ್ ಪ್ರತಿ ವಾರ ಬೇಕು. ಒಂಬತ್ತು ಸಗಟು ಅಂಗಡಿಗಳವರು ಫ್ಯಾಕ್ಸಿನಲ್ಲಿ ರೇಟು ಕಳಿಸುತ್ತಿದ್ದರು. ಫ್ಯಾಕ್ಸ್ ಕಾಗದ ಆಸ್ಪತ್ರೆಯ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಅದನ್ನು ನೋಡಿದ ಗುಮಾಸ್ತ ತನಗೆ ಬೇಕಾದವನಿಗೆ ಫೋನ್ ಮಾಡಿದರೆ, ಅವನು ಎಂಟಾಣೆ ಕಡಿಮೆ ಹಾಕಿ ಆರ್ಡರ್ ಹೊಡೆಯುತ್ತಿದ್ದ. ಪ್ರಾಮಾಣಿಕವಾಗಿ ರೇಟು ಹಾಕಿದವನು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ. ಇದಕ್ಕೆ ನನ್ನ ಉಪಾಯ ಹೀಗಿತ್ತು: ಅಂಗಡಿಯವರು ತಮ್ಮ ಕಂಪ್ಯೂಟರಿನಿಂದ ನಮ್ಮ ಸರ್ವರಿಗೆ ರೇಟು ಕಳಿಸುವುದು, ಸರ್ವರ್ ಎಲ್ಲವನ್ನೂ ಮುಚ್ಚಿಟ್ಟುಕೊಂಡು ನಾಲ್ಕು ಗಂಟೆಗೆ ಒಟ್ಟಿಗೆ ಬಿಚ್ಚುವುದು, ಅಲ್ಲಿಯವರೆಗೆ ಯಾರೂ, ನಾನೂ ಸಹ, ಓದಲಾಗದಂತೆ ಮಾಡುವುದು. ನಾನು ಒಂಬತ್ತು ಅಂಗಡಿಗೂ ಹೋಗಿ ಮಾರಿದ್ದು ಆ ಕೊನೆಯ ಮಾತನ್ನೇ.

ಇದು ತಿಳಿಯದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸರ್ವರ್ ಅಂದರೆ ಕೌಂಟರಿನ ಹಿಂದೆ ಕೂತ ಗುಮಾಸ್ತ ಎಂದುಕೊಳ್ಳಿ. ಕಿಟಕಿ ತೆರೆದು ಕಿವಿಗೊಟ್ಟು ಕೂತಿರುತ್ತಾನೆ. ಯಾರಾದರೂ ಬಂದರೆ ಒಪ್ಪಿಕೊಂಡು ಒಳಗೆ ಕರೆಯುತ್ತಾನೆ. ಮಾಮೂಲಿ ಸರ್ವರಿನಲ್ಲಿ ಅಷ್ಟಕ್ಕೇ ಮಾತು ಶುರು. ಮುಚ್ಚುಮರೆಯ ಸಂಪರ್ಕದಲ್ಲಿ ಹಾಗಲ್ಲ, ಒಳಗೆ ಕರೆದ ಮೇಲೆ ಒಂದು ಪರಿಚಯದ ಶಾಸ್ತ್ರವಿದೆ, ಹ್ಯಾಂಡ್‌ಶೇಕ್ ಅನ್ನುತ್ತಾರೆ. ಬಂದವನು ನಮಸ್ಕಾರ ಅನ್ನುತ್ತಾನೆ. ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸುತ್ತದೆ. ಆಮೇಲೆ ಇಬ್ಬರೂ ಆ ಹೊತ್ತಿಗೆ ಮಾತ್ರ ನಡೆಯುವ ಒಂದು ಗುಟ್ಟನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಮಾತೆಲ್ಲ ಅದಾದ ನಂತರ, ದಾರಿಯಲ್ಲಿ ಕದ್ದು ಕೇಳುವವನಿಗೆ ಬರೀ ಗೊಜಗೊಜ. ಇದೆಲ್ಲ ನಿಂತಿರುವುದು ಸರ್ವರಿನಲ್ಲಿರುವ ಒಂದು ಚಿಕ್ಕ ಫೈಲಿನ ಮೇಲೆ. ಅದೇ ಪ್ರೈವೇಟ್ ಕೀ. ನಮ್ಮಲ್ಲಿ ಬಂದ ರೇಟುಗಳನ್ನು ಮುಚ್ಚಿಡುತ್ತಿದ್ದದ್ದೂ ಅದೇ ಕೀಲಿ. ಅದರ ನಕಲು ಯಾರ ಕೈಗಾದರೂ ಸಿಕ್ಕಿತೋ, ಎಲ್ಲವನ್ನೂ ಓದಬಹುದು.

ಸರ್ಟಿಫಿಕೇಟ್ ಕೊಡುವ ಹೊರದೇಶದ ಕಂಪನಿಯ ಜೊತೆಯೂ ನಾನು ಇ-ಮೇಲಿನಲ್ಲಿ ಚೌಕಾಸಿ ಮಾಡಿದೆ. ಎರಡು ವರ್ಷದ್ದು ಒಟ್ಟಿಗೆ ತಗೊಂಡರೆ ಎಷ್ಟು ಬಿಡುತ್ತೀರಿ ಎಂದು ಬರೆದೆ. ಬಿಟ್ಟರು. ಕೇಳುವುದಕ್ಕೆ ನಾಚಿಕೆ ಪಡಬೇಡಿ.

ಪ್ರೋಗ್ರಾಂ ಬರೆದುಕೊಟ್ಟವಳು ಗದಗದ ಕಡೆಯ ಹೆಣ್ಣುಮಗಳು. ಗಂಡ ಮಡಿವಾಳದ ಒಂದು ಲಾಡ್ಜಿನಲ್ಲಿ ಮ್ಯಾನೇಜರ್, ಬಿಟಿಎಂನಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು. ಕೆಲಸದಲ್ಲಿ ಅವಳಷ್ಟು ಚುರುಕಾದವರನ್ನು ನಾನು ಕಂಡಿಲ್ಲ. ಮೊದಲ ತಿಂಗಳಲ್ಲೇ ಒಂದು ಪೇಚಾಟವಾಯಿತು. ಮಡಿವಾಳದ ಹತ್ತಿ-ಗ್ಲೌಸ್ ವ್ಯಾಪಾರಿಯ ಮೋಡೆಮ್ ಆಮೆ. ಅವರು ಸಂಪರ್ಕಕ್ಕೆ ಬಂದು ಪರಿಚಯದ ಶಾಸ್ತ್ರದ ಮಧ್ಯೆ ನಿಂತುಬಿಟ್ಟರೆ, ಸರ್ವರ್ ಅವರ ಕೈ ಹಿಡಿದುಕೊಂಡು ಕಾಯುತ್ತಿತ್ತು. ಹಿಂದೆ ಬಂದ ಎಂಟು ಅಂಗಡಿಯವರಿಗೆ ಕಿಟಕಿಯಲ್ಲಿ ಯಾರೂ ಇಲ್ಲ. ನಾನು ಮೋಡೆಮ್ ಬದಲಾಯಿಸಿ ಎಂದು ವ್ಯಾಪಾರಿಗೆ ಗಂಟು ಬಿದ್ದೆ. ಇವಳು ನಕ್ಕಳು. "ಅಕ್ಕಾರ, ಬಾಗಲಾ ತಗಿಯಾವ್ರೇ ಕುಂತು ಗುರ್ತು ನೋಡಿದ್ರ ಸಾಲು ಹೆಂಗ ಮುಂದ ಹೋಗ್ತೈತ್ರಿ? ಬಾಗಲ್ದಾಗ ಒಬ್ರು ಇರ್ಲಿ, ಗುರ್ತು ನೋಡಾಕ ಒಳಗ ಬ್ಯಾರೆದವ್ರು ಇರ್ಲಿ." ಎರಡು ದಿನದಲ್ಲಿ ಹಾಗೇ ಮಾಡಿದಳು. ಆಮೇಲೆ ಆಮೆ ಆಮೆಯಾಗಿಯೇ ಇತ್ತು, ಮಿಕ್ಕವರು ನಿಲ್ಲಲಿಲ್ಲ.

ಆ ಮಡಿವಾಳದ ವ್ಯಾಪಾರಿಯನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, ಗ್ಲೌಸಿನ ಡಬ್ಬಗಳ ನಡುವೆ ಕೂತು ಒಂದೇ ಪ್ರಶ್ನೆ ಹಾಕಿದರು. "ಮೇಡಂ, ಬೇರೆಯವ್ರು ಓದಲ್ಲ ಸರಿ. ನೀವೇ ಓದಲ್ಲ ಅಂತ ಏನ್ ಗ್ಯಾರಂಟಿ?"

ಅದಕ್ಕೆ ಉತ್ತರ ಕೊಟ್ಟವರು, ಹಿಂದೆ ನನ್ನ ಮೆಷಿನ್ನುಗಳಿಗೆ ಸಾಲ ಕೊಟ್ಟಿದ್ದ ಬ್ಯಾಂಕ್ ಮ್ಯಾನೇಜರ್ ಸಾರ್. ಅಷ್ಟು ಹೊತ್ತಿಗೆ ಅವರು ರಿಟೈರಾಗಿ ಜಯನಗರ ಮೂರನೇ ಬ್ಲಾಕಿನ ಮನೆಯಲ್ಲಿದ್ದರು. ಆಸ್ಪತ್ರೆ ಡಾಕ್ಟರುಗಳೆಲ್ಲ ಅವರ ಹಳೆಯ ಗಿರಾಕಿಗಳು, ಹಾಗಾಗಿ ನಾನೇ ಹೋಗಿ ಪಾಲುದಾರರಾಗಿ ಅಂತ ಕೇಳಿಕೊಂಡಿದ್ದೆ. ಅವರು ಬ್ಯಾಂಕಿನ ಪದ್ಧತಿಯೊಂದನ್ನು ಹೇಳಿದರು. ಬ್ಯಾಂಕಿನ ಕ್ಯಾಷ್ ಸೇಫಿಗೆ ಎರಡು ಕೀಲಿ, ಇಬ್ಬರು ಅಧಿಕಾರಿಗಳ ಹತ್ತಿರ ಒಂದೊಂದು. ಒಬ್ಬರೇ ಎಷ್ಟು ತಿರುಗಿಸಿದರೂ ತೆರೆಯುವುದಿಲ್ಲ. ಜಾಯಿಂಟ್ ಕಸ್ಟಡಿ. ನಮ್ಮ ಕೀ ಫೈಲಿಗೂ ಒಂದು ಪಾಸ್‌ವರ್ಡ್ ಇತ್ತು. ಸರ್ವರ್ ಶುರುವಾಗುವಾಗ ಅದನ್ನು ಒತ್ತಿದರೆ ಮಾತ್ರ ಕೀ ಬಿಚ್ಚಿಕೊಂಡು ಸಂಪರ್ಕಗಳನ್ನು ಒಪ್ಪಿಕೊಳ್ಳಲು ಆರಂಭಿಸುತ್ತಿತ್ತು. ಆ ಪಾಸ್‌ವರ್ಡನ್ನು ಎರಡು ಅರ್ಧ ಮಾಡೋಣ ಎಂದರು. ಮೊದಲರ್ಧ ನನಗೆ, ಎರಡನೆಯದು ಅವರಿಗೆ. ನಾನು ಒತ್ತುವಾಗ ಅವರು ಗೋಡೆಗೆ ಮುಖ ಮಾಡಿ ನಿಲ್ಲುವುದು, ಅವರು ಒತ್ತುವಾಗ ನಾನು.

ಇದನ್ನು ಹೇಳಿದಾಗ ಮಡಿವಾಳದವರು ಬಂದು ಕಣ್ಣಾರೆ ನೋಡಿ ಒಪ್ಪಿದರು. ಉಳಿದವರೂ ಒಪ್ಪಿದರು. ಎಲ್ಲರಿಗೂ ನಾನು ಹೇಳಿದ್ದು ಒಂದೇ: ನಾನೊಬ್ಬಳೇ ಕೂತರೂ ನಿಮ್ಮ ರೇಟು ತೆಗೆಯಲಾರೆ, ಇದು ನನ್ನ ಮಾತು.

ಆ ಮಾತು ಉಳಿಸಿಕೊಳ್ಳುವುದು ಸುಲಭವಿರಲಿಲ್ಲ. ಕರೆಂಟ್ ಹೋದರೆ ಯುಪಿಎಸ್ ಇಪ್ಪತ್ತು ನಿಮಿಷಕ್ಕೆ ಕೈಯೆತ್ತುತ್ತಿತ್ತು. ಕರೆಂಟ್ ಬಂದ ಮೇಲೆ ಸರ್ವರ್ ಎದ್ದು ಪಾಸ್‌ವರ್ಡ್ ಕೇಳುತ್ತ ಸುಮ್ಮನೆ ಕೂರುತ್ತಿತ್ತು. ನಾನು ಬನಶಂಕರಿಯಲ್ಲಿ ತರಕಾರಿ ಕೊಳ್ಳುತ್ತಿದ್ದರೂ ಚೀಲ ಅಲ್ಲೇ ಬಿಟ್ಟು ಆಟೋ ಹಿಡಿಯುತ್ತಿದ್ದೆ. ಸಾರ್ ಸ್ಕೂಟರಿನಲ್ಲಿ ಬರುತ್ತಿದ್ದರು. ಅವರಿಗೆ ಮಂಡಿನೋವು, ಬಾಗಿಲ ಮುಂದಿನ ಎರಡು ಮೆಟ್ಟಿಲ ಹತ್ತಿರ ಒಂದು ಕ್ಷಣ ನಿಂತು ಬರುತ್ತಿದ್ದರು. ಗೋಡೆಗೆ ಮುಖ ಮಾಡಿ, ಕೈ ಹಿಂದೆ ಕಟ್ಟಿಕೊಂಡು, ಸ್ಕೂಲಿನಲ್ಲಿ ಶಿಕ್ಷೆಗೆ ನಿಂತ ಹುಡುಗನ ಹಾಗೆ ನಿಲ್ಲುವರು. "ಆಯ್ತೇನಮ್ಮ?" ಅನ್ನುವರು. ಇಷ್ಟು ದೊಡ್ಡವರು ನನ್ನ ಮಾತಿಗಾಗಿ ಹೀಗೆ ನಿಲ್ಲುತ್ತಾರಲ್ಲ ಎಂದು ನನಗೆ ಪ್ರತಿ ಸಲ ಒಳಗೆ ತುಂಬಿ ಬರುತ್ತಿತ್ತು.

ಒಂದು ದಿನ ನಾನು ತಲಘಟ್ಟಪುರದ ಆಚೆ ಸೈಟು ನೋಡಲು ಹೋಗಿದ್ದೆ. ಫೋನ್ ಸಿಗ್ನಲ್ ಇಲ್ಲದ ಜಾಗ. ಕರೆಂಟ್ ಹೋಗಿ ಬಂದು ಮೂರು ಗಂಟೆ ಸರ್ವರ್ ಮುಚ್ಚಿಯೇ ಇತ್ತು. ಆ ವಾರ ಒಂದು ಆಸ್ಪತ್ರೆಗೆ ರೇಟೇ ಹೋಗಲಿಲ್ಲ. ಡಾಕ್ಟರು ಸಾರಿಗೆ ಫೋನ್ ಮಾಡಿ ಬೈದರಂತೆ. ನಾನು ಕ್ಷಮೆ ಕೇಳಿದೆ. ಅವರು ಬಿಡಮ್ಮ ಅಂದರು. ದೊಡ್ಡವರು ಬಿಡಮ್ಮ ಅಂದಾಗ ಅಲ್ಲಿಗೇ ಬಿಡಬೇಡಿ. ಏನು ಬಿಟ್ಟಿರಿ ಎಂದು ಕೇಳಿ. ನಾನು ಕೇಳಲಿಲ್ಲ.

ಅದಾಗಿ ನಾಲ್ಕೈದು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು, ಇಬ್ಬರೂ ಬಂದೆವು. ನನ್ನ ಅರ್ಧ ಒತ್ತಿ ನಾನು ಗೋಡೆಗೆ ತಿರುಗಿದೆ. ಹಿಂದೆ ಕೀಬೋರ್ಡಿನ ಸದ್ದು: ಟಕ್, ಟಕ್, ಟಕ್, ಆಮೇಲೆ ಎಂಟರ್. ಸರ್ವರ್ ಶುರುವಾಯಿತು.

ಮೂರೇ ಅಕ್ಷರ.

ಅವರ ಅರ್ಧದ ಅಕ್ಷರಗಳು ಯಾವುವೆಂದು ನನಗೆ ಗೊತ್ತಿರಲಿಲ್ಲ, ಆದರೆ ಎಷ್ಟೆಂದು ಮೊದಲ ದಿನದಿಂದಲೂ ಗೊತ್ತಿತ್ತು. ಕೇಳಬೇಕೆಂದು ಕೇಳಿದ್ದಲ್ಲ; ನನ್ನ ಕಿವಿ ಎಣಿಸಿಬಿಡುತ್ತದೆ. ಒಂಬತ್ತು. ಅವರದು ಒಂದೇ ಬೆರಳಿನ ಟೈಪಿಂಗ್, ಒಂಬತ್ತಕ್ಕೆ ಅರ್ಧ ನಿಮಿಷ ಬೇಕು. ತಪ್ಪು ಕೇಳಿಸಿರಬೇಕು ಎಂದುಕೊಂಡು ಆವತ್ತು ಸುಮ್ಮನಾದೆ. ಮುಂದಿನ ಸಲ ಮತ್ತೆ ಎಣಿಸಿದೆ. ನಾಲ್ಕು.

ಮೂರನೇ ಸಲ ನಾನು ಬೇಕೆಂದೇ ನನ್ನ ಅರ್ಧವನ್ನು ತಪ್ಪಾಗಿ ಒತ್ತಿದೆ. ನಾನು ಮಕ್ಕಳಿಗೆ ಮೊದಲ ದಿನ ಕಲಿಸುತ್ತಿದ್ದ ಎ ಎಸ್ ಡಿ ಎಫ್ ಒತ್ತಿದೆ. ಗೋಡೆಗೆ ತಿರುಗಿದೆ. ಅವರು ಏನೋ ಒತ್ತಿದರು. "ಆಯ್ತಮ್ಮ, ಎದ್ದಿತು" ಎಂದರು. ತಿರುಗಿ ನೋಡಿದೆ. ಎದ್ದಿತ್ತು. ಅಂಗಡಿಯವರ ಸಂಪರ್ಕಗಳು ಒಂದೊಂದಾಗಿ ಒಳಗೆ ಬರುತ್ತಿದ್ದವು. ನಾನು ಮುಖದಲ್ಲಿ ಏನೂ ತೋರಿಸದೆ ಅವರನ್ನು ಬಾಗಿಲವರೆಗೆ ಕಳಿಸಿಕೊಟ್ಟೆ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ ಸಾರ್ ಎಂದೂ ಹೇಳಿದೆ.

ಮರುದಿನ ಬೆಳಿಗ್ಗೆ ಗದಗದವಳು ಬಂದ ಕೂಡಲೇ ಸರ್ವರ್ ಶುರುವಾಗುವ ಪ್ರೋಗ್ರಾಮನ್ನು ಪರದೆಯ ಮೇಲೆ ತೆಗೆಸಿ, ಓದು ಎಂದೆ. ಅವಳು ಓದಲಿಲ್ಲ. ಸೆರಗಿನ ತುದಿ ಹಿಡಿದುಕೊಂಡು ಕೂತಳು.

"ಸರ್ ಹೇಳಿದ್ರು ಅಕ್ಕಾರ. ಕೀಲಿ ಬಿಚ್ಚಿದ್ದು ಒಂದು ನಕಲು ಮಾಡಿ ಇಡು, ಸರ್ವರ್ ತಾನಾಗೇ ಏಳ್ಲಿ ಅಂದ್ರು. ಮೂರ್ ತಾಸು ಮುಚ್ಚಿತ್ತಲ್ರಿ, ಅದರ ಮರುದಿನ."

"ಬಿಚ್ಚಕ್ಕೆ ನನ್ನ ಅರ್ಧ ಬೇಕಲ್ಲ?"

"ನೀವು ಒತ್ತಿದ್ದನ್ನ ಹಿಡ್ಕೊಳ್ಳೂ ಹಂಗ ಮಾಡು ಅಂದ್ರು. ಒಂದ್ ಸಲ ಹಿಡ್ಕೊಂಡ್ವಿ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆಮ್ಯಾಲೆ ನಾ ಕೇಳ್ದೆರಿ, ಹಂಗಾದ್ರ ಅಕ್ಕಾರನ್ನ ಕರಸೂದು ಯಾಕ್ರಿ ಅಂತ. ಪಾಸ್‌ವರ್ಡ್ ಕೇಳೂ ಹಂಗ ಕೇಳ್ಲಿ, ಏನ್ ಒತ್ತಿದ್ರೂ ಹೂಂ ಅನ್ಲಿ ಅಂದ್ರು. ನಿಮಗ ಬ್ಯಾಸರಾಗ್ತದ ಅಂದ್ರು."

ಹತ್ತೇ ಸಾಲು. ನನ್ನ ಅರ್ಧ ಕೇಳುವುದು, ಅವರ ಅರ್ಧ ಕೇಳುವುದು, ಎರಡನ್ನೂ ಎಸೆದುಬಿಡುವುದು. ಸರ್ವರ್ ಅಷ್ಟು ಹೊತ್ತಿಗೆ ಎದ್ದು ಸಿದ್ಧವಾಗಿರುತ್ತಿತ್ತು. ನಾನು ಆಟೋ ಹಿಡಿದು ಓಡಿ ಬಂದದ್ದು, ಸಿಗ್ನಲ್ಲಿನಲ್ಲಿ ಇಳಿದು ನಡೆದದ್ದು, ಎಲ್ಲ ಈ ಹತ್ತು ಸಾಲಿಗೆ. ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದಳಲ್ಲ ಎಂದು ಅದೇ ಹೆಚ್ಚು ನೋಯಿತು. ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನಬೇಕಿತ್ತೇನೋ. ಮಧ್ಯಾಹ್ನ ಅವಳು ತಂದ ರೊಟ್ಟಿಯಲ್ಲಿ ನನಗೂ ಒಂದು ಇಟ್ಟಳು. ನಾನು ಮುಟ್ಟಲಿಲ್ಲ, ಅವಳೂ ತಿನ್ನಲಿಲ್ಲ.

ಸಾರ್ ಮನೆಗೆ ಸಂಜೆ ಹೋದೆ. ಅವರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು. ವಿಷಯ ಹೇಳಿದೆ. ಅವರು ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಪೇಪರ್ ಮಡಿಸಿ ಪಕ್ಕಕ್ಕಿಟ್ಟರು, ಅಷ್ಟೆ.

"ನೋಡಮ್ಮ, ಯಾರಿಗೇನ್ ನಷ್ಟ ಆಯ್ತು? ಯಾರಾದ್ರೂ ಓದಿದಾರಾ? ನಾನು ಓದ್ತೀನಾ ಹತ್ತಿ ರೇಟು?"

ನಾನು ನೀವು ಓದುತ್ತೀರಿ ಎಂದು ಬಂದಿಲ್ಲ, ಒಂಬತ್ತು ಜನಕ್ಕೆ ನಾನು ಮಾತು ಕೊಟ್ಟಿದ್ದೇನೆ, ಅದು ನಾಲ್ಕೈದು ತಿಂಗಳಿಂದ ಸುಳ್ಳು ಎಂದೆ. ಬ್ಯಾಂಕಿನಲ್ಲಿ ಹೀಗೆ ಮಾಡುತ್ತಿದ್ದಿರಾ ಎಂದೂ ಕೇಳಿದೆ.

ಅವರು ನಕ್ಕರು. ಕೆಟ್ಟ ನಗುವಲ್ಲ, ಮಗುವಿಗೆ ವಿಷಯ ತಿಳಿಸುವ ನಗು. "ಬ್ಯಾಂಕಲ್ಲೂ ಹೀಗೇ ನಡೀತಿದ್ದಿದ್ದು. ಪುಸ್ತಕದಲ್ಲಿ ಜಾಯಿಂಟ್ ಕಸ್ಟಡಿ. ಊಟಕ್ಕೆ ಹೋಗ್ಬೇಕಾದ್ರೆ ಎರಡು ಕೀನೂ ಹೆಡ್ ಕ್ಯಾಷಿಯರ್ ಡ್ರಾಯರ್‌ನಲ್ಲೇ ಬಿಟ್ಟು ಹೋಗ್ತಿದ್ವಿ. ಇಲ್ದಿದ್ರೆ ಬ್ಯಾಂಕ್ ನಡೆಯುತ್ತೇನಮ್ಮ?"

"ಮತ್ತೆ ಗೋಡೆ ಕಡೆ ತಿರುಗಿ ನಿಲ್ತಿದ್ರಲ್ಲ ಸಾರ್?"

"ನಿನಗೆ ಸಮಾಧಾನ ಆಗ್ಲಿ ಅಂತ."

ಕಾಫಿ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟೆ. ಅವರು ನನ್ನ ದುಡ್ಡು ತಿಂದಿದ್ದರೆ ಜಗಳವಾಡಿ ವಸೂಲು ಮಾಡುತ್ತಿದ್ದೆ, ಅದು ನನಗೆ ಬರುವ ವಿದ್ಯೆ. ಸಮಾಧಾನ ಮಾಡಿದ್ದನ್ನು ಹೇಗೆ ವಸೂಲು ಮಾಡುವುದು? ಇಪ್ಪತ್ತು ವರ್ಷದ ಹಿಂದೆ ಕನ್ನಡಕ ತೆಗೆದು ನನ್ನ ಮಾತೇ ಸಾಕೆಂದದ್ದೂ ಸಮಾಧಾನಕ್ಕೇ ಇರಬಹುದೇ ಎಂಬ ಯೋಚನೆ ಅಲ್ಲೇ ಕೂತಿದ್ದಾಗ ಬಂತು. ಆ ಯೋಚನೆ ಬರಬಾರದಿತ್ತು. ಬಂದದ್ದು ಹೋಗಲಿಲ್ಲ.

ಕೀಯ ಇನ್ನೊಂದು ನಕಲು ಎಲ್ಲಾದರೂ ಇದೆಯೇ ಎಂದು ಕೇಳಿದೆ. ಅವರು ಎದ್ದು ಷೋಕೇಸಿನ ಗೊಂಬೆಗಳ ಹಿಂದಿನಿಂದ ಒಂದು ಫ್ಲಾಪಿ ತಂದುಕೊಟ್ಟರು. ಅಡ್ವಾನ್ಸಾಗಿ ಇಟ್ಟಿದ್ದೆ, ಎಮರ್ಜೆನ್ಸಿಗೆ ಬೇಕಾಗುತ್ತೆ ಅಂತ ಎಂದರು. ಬೀಗವಿಲ್ಲದ ಷೋಕೇಸ್. ಒಂಬತ್ತು ಅಂಗಡಿಯ ಗುಟ್ಟು ಅದರಲ್ಲಿ. ಫ್ಲಾಪಿಯನ್ನು ಅವರ ಮುಂದೆಯೇ ಮುರಿದೆ; ಎರಡು ಸಲ ಪ್ರಯತ್ನ ಮಾಡಬೇಕಾಯಿತು, ಪ್ಲಾಸ್ಟಿಕ್ ಗಟ್ಟಿ. ಪಾಲುದಾರಿಕೆ ಆ ತಿಂಗಳೇ ಮುಗಿಯಿತು. ಆಮೇಲೆ ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ಒಂದೆರಡು ಸಲ ಎದುರಾದರು, ಚೆನ್ನಾಗಿದೀಯೇನಮ್ಮ ಎಂದರು. ಚೆನ್ನಾಗಿದೀನಿ ಸಾರ್ ಎಂದೆ. ಅವರ ಕಣ್ಣಲ್ಲಿ ಈಗಲೂ ಅವರು ನನಗೆ ಏನೂ ಮಾಡಿಲ್ಲ.

ಗದಗದವಳ ಕೈಯಲ್ಲಿ ಹೊಸ ಕೀ ಮಾಡಿಸಿದೆ, ಹಳೆಯ ಸರ್ಟಿಫಿಕೇಟ್ ರದ್ದು ಮಾಡಿಸಿದೆ. ಆಮೇಲೆ ಒಂಬತ್ತು ಅಂಗಡಿಗೂ ನಾನೇ ಹೋಗಿ ಹೇಳಿದೆ. ಹೇಳಬೇಡ ಎಂದು ಎಲ್ಲರೂ ಬುದ್ಧಿ ಹೇಳಿದರು. ನಾನು ವ್ಯಾಪಾರ ಮಾಡುವವಳು. ಕೆಟ್ಟ ಸುದ್ದಿಯನ್ನು ಗಿರಾಕಿ ಬೇರೆಯವರ ಬಾಯಲ್ಲಿ ಕೇಳುವುದಕ್ಕೆ ಮುಂಚೆ ನಾವೇ ಹೇಳಿಬಿಟ್ಟರೆ ಅರ್ಧದಷ್ಟು ಗಿರಾಕಿಗಳಾದರೂ ಉಳಿಯುತ್ತಾರೆ. ನನಗೆ ಐದು ಜನ ಉಳಿದರು.

ಮಡಿವಾಳದವರು ಎಲ್ಲ ಕೇಳಿಸಿಕೊಂಡರು. "ಯಾರಾದ್ರೂ ಓದಿದಾರಾ ಮೇಡಂ?"

"ಗೊತ್ತಿಲ್ಲ."

"ಓದಿಲ್ಲ ಅಂತ ಹೇಳ್ತೀರಾ?"

"ಹೇಳಕ್ಕಾಗಲ್ಲ."

ಅವರು ಡಬ್ಬದ ಮೇಲಿನ ಧೂಳು ಒರೆಸಿದರು. "ನಾನು ಆ ಕಂಪ್ಯೂಟರ್‌ನ ನಂಬಿ ರೇಟು ಕಳಿಸ್ಲಿಲ್ಲ. ಅದೇನೂಂತ್ಲೂ ನನಗೊತ್ತಿಲ್ಲ. ನೀವು ಹೇಳಿದ್ರಿ ಅಂತ ಕಳಿಸ್ದೆ. ಈಗ ನೀವೇ ನಿಮಗೆ ಗೊತ್ತಿರ್ಲಿಲ್ಲ ಅಂತೀರಿ."

ಸಾರ್ ಮನೆಯಿಂದ ನಾನು ಹೊತ್ತು ತಂದದ್ದನ್ನು ಅವರು ನನ್ನ ಮುಂದೆಯೇ ಬಿಚ್ಚಿಟ್ಟಂತಾಯಿತು. ನನಗೆ ಆದದ್ದು ಈ ಮನುಷ್ಯನಿಗೂ ಆಗಿದೆ, ಮಾಡಿದವಳು ನಾನು. ಚೌಕಾಸಿಗೆ ಜಾಗವೇ ಇರಲಿಲ್ಲ. ಆದರೂ ಒಂದು ಕೇಳಿದೆ. ಇನ್ನರ್ಧ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ, ಗುಟ್ಟು ಹೊರಬಿದ್ದರೆ ನಷ್ಟವಾಗುವುದು ನಿಮಗೆ ತಾನೆ, ನೀವೇ ಕಾಯಿರಿ ಎಂದೆ. ಅವರು ಡಬ್ಬವನ್ನು ಅದರ ಜಾಗಕ್ಕಿಟ್ಟು, ಆಟೋ ಖರ್ಚು ನಿಮ್ಮದು ಎಂದರು. ಇದನ್ನು ಮಾತ್ರ ಖಂಡಿತ ಕಲಿಯಿರಿ. ಕೀಲಿಯನ್ನು ಗೌರವಸ್ಥರ ಹತ್ತಿರ ಇಡಬೇಡಿ, ಗುಟ್ಟು ಹೋದರೆ ನಷ್ಟವಾಗುವವರ ಹತ್ತಿರ ಇಡಿ.

ಹೊಸ ಪ್ರೋಗ್ರಾಮನ್ನು ನಾನೇ ಸಾಲು ಸಾಲಾಗಿ ಓದಿದೆ. ಪ್ರತಿ ಸಲ ಮೊದಲು ಬೇಕೆಂದೇ ತಪ್ಪು ಒತ್ತಿ, ಸರ್ವರ್ ಆಗಲ್ಲ ಎಂದ ಮೇಲೆ ಸರಿ ಒತ್ತುವುದು ರೂಢಿಯಾಯಿತು. ಮಡಿವಾಳದವರು ಮೂರು ವಾರ ಶ್ರದ್ಧೆಯಿಂದ ಬಂದರು. ನಾಲ್ಕನೇ ವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟ್ ಹೋಗಿ ಬಂದಾಗ ಅವರ ಫೋನ್ ಬಂತು. ಹಿಂದೆ ಅಂಗಡಿಯ ಗಲಾಟೆ.

"ಮೇಡಂ, ಗಿರಾಕಿ ಇದಾರೆ, ಸಿಲ್ಕ್ ಬೋರ್ಡ್ ಹತ್ರ ಜಾಮ್ ಬೇರೆ. ಪೆನ್ ತಗೊಳ್ಳಿ, ಹೇಳ್ತೀನಿ. ನೀವೇ ಹಾಕ್ಕೊಂಬಿಡಿ."

"ಹೇಳ್ಬೇಡಿ. ಬನ್ನಿ."

"ನಿಮ್ಮ ಮೇಲೆ ನಂಬಿಕೆ ಇದೆ ಮೇಡಂ. ಬರ್ಕೊಳ್ಳಿ, ಮೊದಲ್ನೇದು ಕ್ಯಾಪಿಟಲ್..."

ನಾನು ಫೋನ್ ಇಟ್ಟುಬಿಟ್ಟೆ. ಮತ್ತೆ ಬಡಿಯಿತು, ಎತ್ತಲಿಲ್ಲ. ಗದಗದವಳು ನನ್ನನ್ನೇ ನೋಡುತ್ತಿದ್ದಳು. ಉಳಿದ ನಾಲ್ಕು ಅಂಗಡಿಯವರೂ ಸಂಪರ್ಕ ಸಿಗುತ್ತಿಲ್ಲವೆಂದು ಫೋನ್ ಮಾಡಲು ಶುರು ಮಾಡಿದರು. ಅವರಿಗೆಲ್ಲ ಅವಳೇ ಉತ್ತರ ಹೇಳಿದಳು, ಇನ್ನೂ ತೆರೆದಿಲ್ರಿ, ಬರೂ ತನಕ ತೆರೆಯಂಗಿಲ್ರಿ. ಎರಡು ಗಂಟೆಗೆ ಆಟೋ ಬಂದು ನಿಂತಿತು. ಮಡಿವಾಳದವರು ಕೋಪದಿಂದ ಕೆಂಪಗಾಗಿ ಒಳಗೆ ಬಂದು, ಚಪ್ಪಲಿ ಬಿಟ್ಟು, ನನ್ನ ಮುಖವನ್ನೂ ನೋಡದೆ ಕೀಬೋರ್ಡಿನ ಮುಂದೆ ಕೂತರು.